ರಿಕಾಪಿನ ಎತ್ತರ

ಕುದುರೆ ಕಂಡರೆ ಕಾಲು ನೋವು ಎಂಬ ಗಾದೆಯನ್ನು ನಮ್ಮಜ್ಜಿ ವಾರಕ್ಕೊಮ್ಮೆಯಾದರೂ ನನ್ನ ಮೇಲೆ ಪ್ರಯೋಗಿಸುತ್ತಿದ್ದಳು. ಸಂತೆಯಿಂದ ಬರುವಾಗ ಅರ್ಧ ದಾರಿ ಕುಣಿದುಕೊಂಡು ಬಂದಿರುತ್ತಿದ್ದ ನಾನು, ಹಿಂದೆ ಯಾರದಾದರೂ ಎತ್ತಿನಗಾಡಿಯ ಗೆಜ್ಜೆ ಸದ್ದು ಕೇಳಿದ ಕೂಡಲೇ ಕುಂಟತೊಡಗುತ್ತಿದ್ದೆ. ಪುಕ್ಕಟೆ ಸವಾರಿ ಕಣ್ಣಿಗೆ ಬಿದ್ದರೆ ಗಟ್ಟಿಮುಟ್ಟಾದ ಕಾಲೂ ನೋಯುತ್ತದೆ ಎಂಬ ಕುಹಕ ಆ ಮಾತಿನಲ್ಲಿದೆ. ಅರವತ್ತೊಂದನೆಯ ವಯಸ್ಸಿಗೆ ಕುಹಕವೆಲ್ಲ ಸೋರಿಹೋಗಿ ಬರೀ ವೈದ್ಯಕೀಯ ವರದಿ ಉಳಿಯುತ್ತದೆ. ಹೋದ ಡಿಸೆಂಬರಿನ ಒಂದು ಭಾನುವಾರ ನಾನು ಕುದುರೆ ಕಂಡೆ, ಕಾಲು ನೋಯಿತು. ನಿಖರವಾಗಿ ಹೇಳಬೇಕೆಂದರೆ ಎಡಗಡೆಯ ತೊಡೆಸಂದು.

ವೃತ್ತಿಯಿಂದ ನಾನು ಪಶುವೈದ್ಯ, ಈಗ ನಿವೃತ್ತ. 1983ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಓದುತ್ತಿದ್ದಾಗ ಎನ್‌ಸಿಸಿಯ ಕುದುರೆ ಪಡೆಯಲ್ಲಿದ್ದೆ. ಬೆಳಗಿನ ಚಳಿಯಲ್ಲಿ ಸಾಲಾಗಿ ನಿಂತಿರುತ್ತಿದ್ದೆವು. ಉಸ್ತಾದರು ಹಿಂದಿಯಲ್ಲಿ ಗುಡುಗಿದ ಮರುಕ್ಷಣ ಎಲ್ಲರೂ ಮೇಲಿರಬೇಕು. ಹೇಗೆ ಹತ್ತಿದಿರಿ ಎಂದು ಯಾರಾದರೂ ಕೇಳಿದ್ದರೆ ಉತ್ತರ ಹೊಳೆಯುತ್ತಿರಲಿಲ್ಲ. ನೆಲದ ಮೇಲಿದ್ದೆವು, ಆಮೇಲೆ ಜೀನಿನ ಮೇಲಿದ್ದೆವು, ನಡುವೆ ಏನೂ ಇರಲಿಲ್ಲ. ಈಗ ಆ ನಡುವೆ ಒಂದು ಇಡೀ ತಾಲ್ಲೂಕಿನಷ್ಟು ಜಾಗ ಹುಟ್ಟಿಕೊಂಡಿದೆ.

ಕೆಲಸಕ್ಕೆ ಸೇರಿದ ಮೇಲೆ ಕುದುರೆಯ ನಂಟು ತಪ್ಪಿತು. ಹಸು, ಎಮ್ಮೆ, ಕುರಿ, ಮೇಕೆ, ವರ್ಷಕ್ಕೊಂದೆರಡು ಜಟಕಾ ಕುದುರೆ. ಅವುಗಳ ಹಲ್ಲು ನೋಡಿದ್ದೇನೆ, ಗೊರಸು ಎತ್ತಿ ಹಿಡಿದಿದ್ದೇನೆ, ಹೊಟ್ಟೆನೋವಿಗೆ ರಾತ್ರಿಯಿಡೀ ಪಕ್ಕದಲ್ಲಿ ನಿಂತಿದ್ದೇನೆ. ಹತ್ತುವ ಪ್ರಸಂಗ ಬರಲಿಲ್ಲ. ಆದರೆ ಹತ್ತಬಲ್ಲೆ ಎಂಬ ನಂಬಿಕೆ ಮಾತ್ರ ಟ್ರಂಕಿನಲ್ಲಿಟ್ಟ ಮದುವೆ ಸೂಟಿನ ಹಾಗೆ ಮಡಿಕೆ ಮುರಿಯದೆ ಹಾಗೆಯೇ ಇತ್ತು. ಸೂಟು ಹಾಕಿ ನೋಡದಿದ್ದವನಿಗೆ ಅದು ಸದಾ ಹಿಡಿಸುತ್ತಲೇ ಇರುತ್ತದೆ.

ಮಗಳ ಮಗಳಿಗೆ ಎಂಟು ವರ್ಷ. ಊರಾಚೆಯ ಒಂದು ಕಡೆ ಭಾನುವಾರದ ಸವಾರಿ ತರಗತಿಗೆ ಹೋಗುತ್ತಾಳೆ. ಕರೆದುಕೊಂಡು ಹೋಗಿ ಬರುವ ಕೆಲಸ ನನ್ನದು. ಮೂರು ವಾರ ಬೇಲಿಯ ಆಚೆ ನಿಂತು, ಲಗಾಮು ಹಾಗೆ ಹಿಡಿಯಬಾರದು, ಹಿಮ್ಮಡಿ ಕೆಳಗಿರಬೇಕು ಎಂದೆಲ್ಲ ಕೂಗಿದೆ. ನಾಲ್ಕನೆಯ ವಾರ ಅವಳು, “ತಾತ, ನೀನೇ ಹತ್ತಿ ತೋರಿಸು” ಎಂದಳು. ಅದರಲ್ಲಿ ವ್ಯಂಗ್ಯವೇನೂ ಇರಲಿಲ್ಲ. ಎಂಟು ವರ್ಷದವರು ಹೇಳಿದ್ದನ್ನು ನಂಬುತ್ತಾರೆ, ಅದೇ ತೊಂದರೆ.

ನನಗಾಗಿ ತಂದ ಕುದುರೆ ಒಂದು ಹೆಣ್ಣು. ರೇಸಿನಲ್ಲಿ ಓಡುತ್ತಿದ್ದಾಗ ಅದಕ್ಕೊಂದು ಉದ್ದನೆಯ ಇಂಗ್ಲಿಷ್ ಹೆಸರಿತ್ತಂತೆ. ಲಾಯದವರು ಈಗ ಅಮ್ಮಣ್ಣಿ ಎನ್ನುತ್ತಾರೆ. ಅಭ್ಯಾಸಬಲ, ಮೊದಲು ತುಟಿ ಎತ್ತಿ ಹಲ್ಲು ನೋಡಿದೆ. ಮೇಲಿನ ಸಾಲಿನ ಮೂಲೆಯ ಬಾಚಿಹಲ್ಲಿನಲ್ಲಿ ಕುದುರೆಗೆ ಹತ್ತು ವರ್ಷವಾದಾಗ ಒಸಡಿನ ಬುಡದಿಂದ ಒಂದು ಕಂದು ಗೀರು ಇಳಿಯಲು ಶುರುವಾಗುತ್ತದೆ. ಹದಿನೈದಕ್ಕೆ ಹಲ್ಲಿನ ಅರ್ಧಕ್ಕೆ ಬರುತ್ತದೆ, ಇಪ್ಪತ್ತಕ್ಕೆ ತುದಿ ಮುಟ್ಟುತ್ತದೆ. ನಮಗೆ ಕಲಿಸಿದ ಲೆಕ್ಕ ಇದು. ಅಮ್ಮಣ್ಣಿಯ ಗೀರು ಅರ್ಧ ದಾಟಿ ಕೆಳಗೆ ಬಂದಿತ್ತು. ಹದಿನೆಂಟು ಎಂದೆ. ಕುದುರೆ ನೋಡಿಕೊಳ್ಳುವ ಸೈಸ ತಲೆಯಾಡಿಸಿದ. ಅವನೂ ನನ್ನನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದ. ಹಲ್ಲು ನೋಡದೆಯೇ ಲೆಕ್ಕ ಹಾಕಿಕೊಂಡನೆಂದು ಕಾಣುತ್ತದೆ.

ಕುದುರೆಯ ಎತ್ತರವನ್ನು ತಲೆಯವರೆಗೆ ಅಳೆಯುವುದಿಲ್ಲ, ಕತ್ತು ಬೆನ್ನನ್ನು ಸೇರುವ ಉಬ್ಬಿನವರೆಗೆ ಅಳೆಯುತ್ತಾರೆ. ಅಳತೆಗೋಲು ‘ಹ್ಯಾಂಡ್’, ಅಂದರೆ ಒಂದು ಅಂಗೈಯ ಅಗಲ, ನಾಲ್ಕು ಇಂಚು. ಅಮ್ಮಣ್ಣಿ ಹದಿನೈದೂವರೆ ಹ್ಯಾಂಡ್. ಐದು ಅಡಿ ಎರಡು ಇಂಚು. ನಾನು ಐದು ಅಡಿ ಆರು ಇಂಚು ಎಂದು ನಲವತ್ತು ವರ್ಷ ಅರ್ಜಿಗಳಲ್ಲಿ ಬರೆದುಕೊಂಡು ಬಂದವನು. ಇತ್ತೀಚೆಗೆ ತಪಾಸಣೆಗೆ ಹೋದಾಗ ದಾದಿಯೊಬ್ಬಳು ಗೋಡೆಗೆ ಒರಗಿಸಿ ನಿಲ್ಲಿಸಿ ಐದು ಅಡಿ ಐದು ಎಂದು ಬರೆದಳು. ಇನ್ನೊಮ್ಮೆ ನೋಡಿ ಎಂದೆ. ಇನ್ನೊಮ್ಮೆ ನೋಡಿದಳು, ಅಷ್ಟೇ ಇತ್ತು. ಒಂದು ಇಂಚು ಎಲ್ಲಿ ಬಿದ್ದುಹೋಯಿತೋ ತಿಳಿಯದು. ರಿಕಾಪಿನ, ಅಂದರೆ ಸವಾರ ಕಾಲಿಡಲು ಜೀನಿನಿಂದ ತೂಗುವ ಬಳೆಯ ಮುಂದೆ ನಿಂತಾಗ ಆ ಇಂಚು ಬಹಳ ನೆನಪಾಯಿತು.

ಕುದುರೆಯ ಎಡಕ್ಕೆ ನಿಲ್ಲಬೇಕು. ಸೊಂಟದ ಎಡಕ್ಕೆ ಕತ್ತಿ ಕಟ್ಟುತ್ತಿದ್ದವರ ಕಾಲದ ಪದ್ಧತಿ ಇದು. ಕತ್ತಿ ಹೋಗಿ ಮೊಬೈಲ್ ಬಂದರೂ ಬದಲಾಗಿಲ್ಲ. ಎಡಗೈಯಲ್ಲಿ ಲಗಾಮಿನ ಜೊತೆಗೆ ಒಂದು ಹಿಡಿ ಕೇಸರ, ಅಂದರೆ ಕುದುರೆಯ ಕತ್ತಿನ ಕೂದಲು. ಎಡಗಾಲು ರಿಕಾಪಿಗೆ. ಇಲ್ಲಿಯೇ ಮೊದಲ ಅಡ್ಡಿ. ರಿಕಾಪು ನನ್ನ ಸೊಂಟಕ್ಕಿಂತ ಸ್ವಲ್ಪವೇ ಕೆಳಗೆ ತೂಗುತ್ತಿತ್ತು, ಕಾಲು ಮೊಣಕಾಲೆತ್ತರದಲ್ಲಿ ನಿಂತುಬಿಟ್ಟಿತು. ಮಿದುಳು ಆಜ್ಞೆ ಕಳಿಸಿತು, ಕಾಲು ಅರ್ಜಿ ಸ್ವೀಕರಿಸಲಾಗಿದೆ ಎಂಬಂತೆ ಸುಮ್ಮನಿತ್ತು. ಕೊನೆಗೆ ಬಗ್ಗಿ, ಪ್ಯಾಂಟಿನ ಮೊಣಕಾಲಿನ ಬಟ್ಟೆಯನ್ನು ಬಲಗೈಯಲ್ಲಿ ಹಿಡಿದೆತ್ತಿ, ನನ್ನದೇ ಕಾಲನ್ನು ಬೇರೆ ಯಾರದೋ ಸಾಮಾನಿನಂತೆ ರಿಕಾಪಿನೊಳಗೆ ಇಟ್ಟೆ.

ಈಗ ಒಂಟಿಕಾಲಿನ ಮೇಲೆ ಎರಡು ಬಾರಿ ಜಿಗಿದು ಮೂರನೆಯದಕ್ಕೆ ಮೇಲೆ ಹೋಗಬೇಕು. ನಾನು ಜಿಗಿದೆ. ಅಮ್ಮಣ್ಣಿ ಒಂದು ಹೆಜ್ಜೆ ಮುಂದಿಟ್ಟಳು. ನಾನು ಅವಳ ಹಿಂದೆ ಜಿಗಿದೆ. ಹೀಗೆ ಇಬ್ಬರೂ ಒಂದು ಪೂರ್ತಿ ಸುತ್ತು ಬಂದೆವು. ಜಾತ್ರೆಯ ಕೀಲುಕುದುರೆ ಆಟದಲ್ಲಿ ಇದಕ್ಕಿಂತ ಹೆಚ್ಚಿನ ಗಾಂಭೀರ್ಯವಿರುತ್ತದೆ. ಕೀಲುಕುದುರೆಯವನ ಜಾಣತನ ನನಗೆ ಅಂದು ಅರ್ಥವಾಯಿತು: ಅವನು ಕುದುರೆಯನ್ನು ಹತ್ತುವುದಿಲ್ಲ, ಸೊಂಟಕ್ಕೆ ಕಟ್ಟಿಕೊಳ್ಳುತ್ತಾನೆ.

ಮೂರನೆಯ ಪ್ರಯತ್ನಕ್ಕೆ ಸೈಸ ಹಿಂದಿನಿಂದ ಒಂದು ಕೈ ಕೊಟ್ಟ. ಮೇಲೆ ಹೋದೆನೇನೋ ನಿಜ, ಆದರೆ ಬಲಗಾಲು ಆಚೆಗೆ ದಾಟಲಿಲ್ಲ. ಜೀನಿನ ಮೇಲೆ ಹೊಟ್ಟೆ ಅಡ್ಡ ಹಾಕಿ, ತಲೆ ಆ ಕಡೆ, ಕಾಲು ಈ ಕಡೆ, ಒಣಗಲು ಹಾಕಿದ ಪಂಚೆಯಂತೆ ತೂಗಿಬಿದ್ದೆ. ಹಾಗೆ ತೂಗುವಾಗ ಕುದುರೆಯ ಬಲಗಡೆಯ ಹೊಟ್ಟೆಪಟ್ಟಿಯ ಬಕಲು ಬಹಳ ಹತ್ತಿರದಿಂದ ಕಾಣಿಸಿತು. ಚೆನ್ನಾಗಿ ಎಣ್ಣೆ ಹಾಕಿದ್ದರು. ಮೊಮ್ಮಗಳು “ತಾತ, ಇದು ಯಾವ ಶೈಲಿ?” ಎಂದು ಕೇಳಿದಳು. ಮಿಲಿಟರಿ ಶೈಲಿ ಎಂದೆ.

ಅಂದು ರಾತ್ರಿ ತೊಡೆಗೆ ಎಣ್ಣೆ ತಿಕ್ಕುತ್ತಾ ಯೋಚಿಸಿದೆ. ಇದು ಇದ್ದಕ್ಕಿದ್ದಂತೆ ಆದದ್ದೇನಲ್ಲ. ನಿಂತುಕೊಂಡೇ ಪ್ಯಾಂಟು ಹಾಕುವುದನ್ನು ನಾನು ಬಿಟ್ಟು ಮೂರು ವರ್ಷವಾಗಿದೆ. ಮಂಚದ ಅಂಚಿಗೆ ಕೂತು ಹಾಕುತ್ತೇನೆ, ಆರಾಮವಾಗಿರುತ್ತದೆ ಎಂದುಕೊಂಡಿದ್ದೆ. ಮದುವೆ ಮನೆಗಳಲ್ಲಿ ನೆಲದ ಪಂಕ್ತಿ ಬಿಟ್ಟು ಟೇಬಲಿನ ಕಡೆ ತಿರುಗುತ್ತೇನೆ, ಜನ ಕಡಿಮೆ ಎಂಬ ನೆಪ. ಬೈಕಿಗೆ ಕಾಲು ಬೀಸಿ ಹಾಕುವುದು ಬಿಟ್ಟು ಸ್ಕೂಟರ್ ಕೊಂಡೆ, ತರಕಾರಿ ಚೀಲ ಇಡಲು ಅನುಕೂಲ ಎಂದು ಎಲ್ಲರಿಗೂ ಹೇಳಿದೆ. ದೇಹ ಒಂದೊಂದೇ ಅಂಗಡಿ ಮುಚ್ಚುತ್ತಾ ಬಂದಿತ್ತು, ನಾನು ಪ್ರತಿ ಬಾಗಿಲಿಗೂ ಚೆಂದದ ಬೋರ್ಡು ಬರೆದು ನೇತುಹಾಕಿದ್ದೆ. ಕುದುರೆಗೆ ಬೋರ್ಡು ಓದಲು ಬರುವುದಿಲ್ಲ.

ವೈದ್ಯನಾಗಿ ಕಾರಣ ಗೊತ್ತು. ಮೂವತ್ತು ದಾಟಿದ ಮೇಲೆ ದಶಕಕ್ಕೆ ಸುಮಾರು ಶೇಕಡ 3ರಿಂದ 8ರಷ್ಟು ಸ್ನಾಯು ಕರಗುತ್ತದೆ, ಅರವತ್ತರ ಮೇಲೆ ಇನ್ನೂ ಬೇಗ. ಅದರಲ್ಲೂ ಜಿಗಿಯಲು ಬೇಕಾದ ಚುರುಕಿನ ಎಳೆಗಳು ಮೊದಲು ಸಣ್ಣಗಾಗುತ್ತವೆ. ನಿಧಾನಕ್ಕೆ ನಡೆಯುವ ಎಳೆಗಳು ಹೆಚ್ಚು ಕಾಲ ಬಾಳುತ್ತವೆ. ಹಾಗಾಗಿ ಐದು ಕಿಲೋಮೀಟರು ನಡೆಯಬಲ್ಲವನಿಗೆ ಒಂದು ಅಡಿ ನೆಗೆಯಲಾಗದು. ದಿನಾ ಬೆಳಿಗ್ಗೆ ನಡೆದು ನಡೆದು ನಾನು ತರುಣನೆಂದು ಭ್ರಮಿಸಿದ್ದು ಹೀಗೆ.

ಸಮಾಧಾನಕ್ಕೆ ಹಳಬರನ್ನು ಹುಡುಕಿಕೊಂಡು ಹೋದೆ. ಹುಬ್ಬಳ್ಳಿಯ ವೃತ್ತದಲ್ಲಿ ಚೆನ್ನಮ್ಮ, ಬೆಂಗಳೂರಿನ ರೈಲು ನಿಲ್ದಾಣದ ಬಳಿ ಸಂಗೊಳ್ಳಿ ರಾಯಣ್ಣ, ಲಾಲ್‌ಬಾಗಿನಲ್ಲಿ ಚಾಮರಾಜೇಂದ್ರ ಒಡೆಯರು, ಎಲ್ಲರೂ ಆಗಲೇ ಕುದುರೆಯ ಮೇಲಿದ್ದಾರೆ. ಹತ್ತುತ್ತಿರುವ ಭಂಗಿಯ ಪ್ರತಿಮೆಯನ್ನು ನಾನು ಈವರೆಗೆ ಎಲ್ಲಿಯೂ ಕಂಡಿಲ್ಲ. ಒಂದು ಕಾಲು ರಿಕಾಪಿನಲ್ಲಿ, ಇನ್ನೊಂದು ಗಾಳಿಯಲ್ಲಿ, ಮುಖ ಕುದುರೆಯ ಪಕ್ಕೆಗೆ ಒತ್ತಿಕೊಂಡಿರುವ ವೀರನಿಗೆ ಯಾರು ಚಂದಾ ಕೊಡುತ್ತಾರೆ?

ಬರಹದಲ್ಲಿ ಮಾತ್ರ ಒಬ್ಬ ಆಪ್ತ ಸಿಕ್ಕಿದ. ಸುಮಾರು 2,400 ವರ್ಷಗಳ ಹಿಂದೆ ಗ್ರೀಸಿನ ಸೇನಾನಿ ಕ್ಸೆನೊಫೋನ್ ಕುದುರೆ ಸವಾರಿಯ ಬಗ್ಗೆ ಒಂದು ಪುಸ್ತಕ ಬರೆದ. ಆಗ ಗ್ರೀಕರಿಗೆ ರಿಕಾಪು ಎಂಬುದೇ ಗೊತ್ತಿರಲಿಲ್ಲ. ಕೇಸರ ಹಿಡಿದೋ ಭರ್ಜಿ ಊರಿಯೋ ನೆಗೆಯಬೇಕಿತ್ತು. ಅಂಥ ಗಟ್ಟಿಗರ ನಡುವೆ ಅವನು ನೆನಪಿಟ್ಟು ಒಂದು ಮಾತು ಸೇರಿಸಿದ್ದಾನೆ: ಯಜಮಾನನಿಗೆ ಮೈ ಸರಿಯಿಲ್ಲದಾಗ ಅಥವಾ ವಯಸ್ಸಾದಾಗ ಪರ್ಷಿಯನ್ನರ ರೀತಿಯಲ್ಲಿ ಕಾಲೆತ್ತಿ ಕೂರಿಸುವುದು ಲಾಯದವನಿಗೆ ಗೊತ್ತಿರಬೇಕು. ಓದಿದಾಗ ಹೆಗಲ ಮೇಲೆ ಯಾರೋ ಕೈಯಿಟ್ಟಂತಾಯಿತು. ರೋಮಿನ ಗಾಯಸ್ ಗ್ರಾಕಸ್ ರಸ್ತೆಗಳನ್ನು ಮಾಡಿಸಿದಾಗ, ಯಾರ ನೆರವೂ ಇಲ್ಲದೆ ಕುದುರೆ ಹತ್ತಲೆಂದು ಇಕ್ಕೆಲಗಳಲ್ಲೂ ಕಲ್ಲುಗಳನ್ನು ನಿಲ್ಲಿಸಿದ ಎಂದು ಪ್ಲೂಟಾರ್ಕ್ ಬರೆಯುತ್ತಾನೆ. ಇದಕ್ಕೆ ವ್ಯತಿರಿಕ್ತವಾದ ಕತೆಯೂ ಇದೆ: ಸೆರೆ ಸಿಕ್ಕ ರೋಮನ್ ಚಕ್ರವರ್ತಿ ವಲೇರಿಯನ್‌ನ ಬೆನ್ನನ್ನೇ ಪರ್ಷಿಯಾದ ದೊರೆ ಶಾಪುರ್ ಕಾಲುಮಣೆ ಮಾಡಿಕೊಂಡಿದ್ದನಂತೆ. ಬರೆದವನಿಗೆ ವಲೇರಿಯನ್‌ನ ಮೇಲೆ ಸಿಟ್ಟಿತ್ತು, ಆದ್ದರಿಂದ ಎಷ್ಟು ನಂಬಬೇಕೋ. ಇಂಗ್ಲೆಂಡಿನ ಎರಡನೆಯ ಎಲಿಜಬೆತ್ ರಾಣಿಯದು ಇನ್ನೂ ಸರಳ ಉಪಾಯ. 2020ರಲ್ಲಿ, ತೊಂಬತ್ತನಾಲ್ಕರಲ್ಲಿ, ತಲೆಗೊಂದು ವಸ್ತ್ರ ಕಟ್ಟಿಕೊಂಡು ಆಕೆ ಸವಾರಿ ಮಾಡುತ್ತಿದ್ದ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಕೂತಿದ್ದದ್ದು ಫೆಲ್ ತಳಿಯ ತಟ್ಟುವಿನ ಮೇಲೆ. ಆ ತಳಿ ಹದಿನಾಲ್ಕು ಹ್ಯಾಂಡ್ ಮೀರುವುದಿಲ್ಲ. ರಾಣಿಯೇ ತಟ್ಟುವಿಗೆ ಇಳಿದ ಮೇಲೆ ನನ್ನ ಮಿಲಿಟರಿ ಶೈಲಿಗೆ ಏನು ಬೆಲೆ?

ಮುಂದಿನ ಭಾನುವಾರ ಸೈಸ ನಾನು ಕೇಳುವ ಮೊದಲೇ ಮಕ್ಕಳ ಮೆಟ್ಟಿಲನ್ನು ಎಳೆದು ತಂದು ಅಮ್ಮಣ್ಣಿಯ ಪಕ್ಕಕ್ಕೆ ಇಟ್ಟ. ಮರದ್ದು, ಮೂರು ಮೆಟ್ಟಿಲಿನದು, ಬದಿಗೆ ಹಳದಿ ಬಣ್ಣದಲ್ಲಿ ಬಾತುಕೋಳಿಯ ಚಿತ್ರ. ನನ್ನ ಮುಖ ನೋಡಿ ಅವನು, “ಡಾಕ್ಟರೇ, ಇದು ನಿಮಗಾಗಿ ಅಲ್ಲ, ಅಮ್ಮಣ್ಣಿಗಾಗಿ. ನೆಲದಿಂದ ಹತ್ತಿದರೆ ಜೀನು ಎಡಕ್ಕೆ ಎಳೆಯುತ್ತದೆ, ಅವಳ ಬೆನ್ನು ನೋಯುತ್ತದೆ” ಎಂದ. ಮೂವತ್ಮೂರು ವರ್ಷ ಪಶುವೈದ್ಯನಾಗಿದ್ದ ನನಗೆ ಅವನು ಕುದುರೆಯ ಬೆನ್ನಿನ ಬಗ್ಗೆ ಪಾಠ ಹೇಳಿದ. ಹೇಳಿದ್ದು ಅಕ್ಷರಶಃ ಸರಿಯಾಗಿತ್ತು. ಒಂದೇ ರಿಕಾಪಿಗೆ ಇಡೀ ಭಾರ ಬಿದ್ದಾಗ ಜೀನು ಉಬ್ಬಿನ ಮೇಲೆ ತಿರುಚುತ್ತದೆ, ಕುದುರೆ ಆ ಕಡೆಗೆ ಸೆಟೆದು ನಿಲ್ಲಬೇಕಾಗುತ್ತದೆ. ಹೋದ ವಾರ ಅವಳು ಮುಂದೆ ಹೆಜ್ಜೆಯಿಟ್ಟದ್ದು ತುಂಟತನದಿಂದಲ್ಲ ಎಂದು ಆಗ ಹೊಳೆಯಿತು. ಸವಾರನ ಮತ್ತು ಜೀನಿನ ಒಟ್ಟು ತೂಕ ಕುದುರೆಯ ತೂಕದ ಐದನೆಯ ಒಂದು ಭಾಗವನ್ನು ಮೀರಬಾರದು ಎಂದು ಹಲವರು ಪಾಲಿಸುವ ಲೆಕ್ಕವನ್ನೂ ಮನಸ್ಸಿನಲ್ಲೇ ಹಾಕಿದೆ. ಅವಳು ನಾನೂರೈವತ್ತು ಕಿಲೋ ಇದ್ದಾಳು. ನಾನು ಎಪ್ಪತ್ನಾಲ್ಕು, ಜೀನು ಎಂಟು. ಪಾಸಾದೆ, ಪ್ರಥಮ ದರ್ಜೆಯಲ್ಲೇನೂ ಅಲ್ಲ.

ಬಾತುಕೋಳಿಯ ಮೇಲೆ ಒಂದು, ಎರಡು, ಮೂರು. ಮೂರನೆಯ ಮೆಟ್ಟಿಲಿನಿಂದ ರಿಕಾಪು ನನ್ನ ಮೊಣಕಾಲಿಗಿಂತ ಕೆಳಗಿತ್ತು. ಎಡಗಾಲು ಇಟ್ಟೆ, ಬಲಗಾಲು ಬೀಸಿದೆ. ಅಮ್ಮಣ್ಣಿಯ ಬೆನ್ನು ವಯಸ್ಸಿನಿಂದ ನಡುವೆ ತುಸು ತಗ್ಗಿದೆ. ಅವಳೂ ಒಂದೆರಡು ಬೆರಳಿನಷ್ಟು ಇಳಿದು ಬಂದಿದ್ದಳು ಎನ್ನಬಹುದು. ಕಾಲು ಆಚೆ ದಾಟಿತು. ಜೀನಿನ ತೊಗಲು ಕಿರುಗುಟ್ಟಿತು.

ಕೂತ ಮೇಲೆ ನಡೆದದ್ದು ನನಗೂ ಆಶ್ಚರ್ಯ. ಬೆನ್ನು ತಾನಾಗಿ ನೆಟ್ಟಗಾಯಿತು, ಹಿಮ್ಮಡಿ ತಾನಾಗಿ ಕೆಳಗಿಳಿಯಿತು, ಉಂಗುರ ಬೆರಳಿನ ಪಕ್ಕದಲ್ಲಿ ಲಗಾಮು ತಾನಾಗಿ ಹೊಕ್ಕಿತು. ಹೆಬ್ಬಾಳದ ಚಳಿಯೊಂದೇ ಕಡಿಮೆ. ಅಮ್ಮಣ್ಣಿ ನಡೆದಳು. ಅವಳ ಪ್ರತಿ ಹೆಜ್ಜೆಗೂ ನನ್ನ ಸೊಂಟ ಎಡಬಲಕ್ಕೆ ತೂಗಿತು, ವಾರವಿಡೀ ನೋಯುತ್ತಿದ್ದ ತೊಡೆಸಂದು ಸುಮ್ಮನಾಯಿತು. ನಾಲ್ಕು ಸುತ್ತು ಹಾಕಿದೆ. ಬೇಲಿಯ ಆಚೆಯಿಂದ ಮೊಮ್ಮಗಳು, “ತಾತ, ಹಿಮ್ಮಡಿ ಕೆಳಗೆ!” ಎಂದು ಕೂಗಿದಳು. ಕೆಳಗೇ ಇತ್ತು, ಆದರೂ ಇನ್ನಷ್ಟು ಒತ್ತಿದೆ.

ಸಾಕು ಎನಿಸಿ ಲಗಾಮು ಎಳೆದು ನಿಲ್ಲಿಸಿದಾಗ ಕೆಳಗೆ ನೋಡಿದೆ. ಹತ್ತುವುದರ ಬಗ್ಗೆ ವಾರವೆಲ್ಲ ತಲೆ ಕೆಡಿಸಿಕೊಂಡವನು ಇಳಿಯುವುದರ ಬಗ್ಗೆ ಒಂದು ನಿಮಿಷವೂ ಯೋಚಿಸಿರಲಿಲ್ಲ. ನೆಲ ಬಹಳ ದೂರವಿತ್ತು. ಬಾತುಕೋಳಿ ಇದ್ದ ಜಾಗದಲ್ಲಿ ಇರಲಿಲ್ಲ. ಮೈದಾನದ ಆಚೆ ತುದಿಯಲ್ಲಿ ಒಬ್ಬ ಪುಟ್ಟ ಹುಡುಗ ಅದರ ಎರಡನೆಯ ಮೆಟ್ಟಿಲಿನ ಮೇಲೆ ಅಳುತ್ತಾ ನಿಂತಿದ್ದ; ಮುಂದೆ ತಟ್ಟು, ಹಿಂದೆ ಪುಸಲಾಯಿಸುತ್ತಿದ್ದ ತಾಯಿ, ಪಕ್ಕದಲ್ಲಿ ಸೈಸ. ನಾನು ಕೈಯೆತ್ತಿದೆ. ಸೈಸ ಒಮ್ಮೆ ನನ್ನನ್ನು, ಒಮ್ಮೆ ಹುಡುಗನನ್ನು ನೋಡಿ, ಅಲ್ಲಿಂದಲೇ ಕೂಗಿದ:

“ಡಾಕ್ಟರೇ, ಇನ್ನೊಂದು ಸುತ್ತು ಹೋಗಿ ಬನ್ನಿ. ಮೆಟ್ಟಿಲು ಖಾಲಿಯಾಗಲಿ.”

ಅಮ್ಮಣ್ಣಿ ನಿಟ್ಟುಸಿರು ಬಿಟ್ಟಳು. ಇಬ್ಬರೂ ಇನ್ನೊಂದು ಸುತ್ತು ಹೊರಟೆವು.