ಹಣ ಸುರಕ್ಷಿತವಾಗಿದೆ, ನಾಳೆ ಬಾ

ಕ್ರಿಪ್ಟೋ ಡೆವಲಪರ್ ಒಂದು ಸಾಲು ಬರೆದರೆ ಓದುವವರು ಇಬ್ಬರು. ನೋಡ್ (ನಾಣ್ಯದ ಜಾಲಕ್ಕೆ ಸೇರಿದ ಕಂಪ್ಯೂಟರ್) ನಡೆಸುವವನಿಗೆ ಬಗ್ ಎಲ್ಲಿದೆ, ಯಾವ ಆವೃತ್ತಿ ಹಾಕಿಕೊಳ್ಳಬೇಕು ಎಂಬುದು ಬೇಕು. ಕಾಯಿನ್ ಕೊಂಡು ಕೂತವನಿಗೆ ರೇಟು ಬೇಕು. ಮೊದಲನೆಯವನಿಗೆ ನಿಜ ಹೇಳಿದರೆ ಎರಡನೆಯವನು ಮಾರಿ ಓಡುತ್ತಾನೆ. ಎರಡನೆಯವನನ್ನು ಸಮಾಧಾನ ಮಾಡಿದರೆ ಮೊದಲನೆಯವನು ಹಳೇ ತೂತಿನ ಸಾಫ್ಟ್‌ವೇರನ್ನೇ ಓಡಿಸುತ್ತಿರುತ್ತಾನೆ. ಇಬ್ಬರಿಗೂ ಹಿತವಾಗುವಂಥ ಭಾಷೆಯೊಂದನ್ನು ಈ ಉದ್ಯಮ ಕಡೆದಿಟ್ಟಿದೆ.

ಅದರ ಮಂಗಳ ಶ್ಲೋಕ: "ಹಣಕ್ಕೆ ಅಪಾಯವಿಲ್ಲ." 2016ರಲ್ಲಿ ಎಥೀರಿಯಂ ಎಂಬ ಕ್ರಿಪ್ಟೋ ಜಾಲದ ಮೇಲೆ 'ದಿ ಡಿಎಒ' ಎಂಬ ಹೂಡಿಕೆ ನಿಧಿ ಇತ್ತು. ಅದರ ಕೋಡಿನಲ್ಲಿ ದೋಷವಿದೆ ಎಂದು ಗುಲ್ಲೆದ್ದಾಗ, ಕಟ್ಟಿದ ಕಂಪನಿಯವರು ಜೂನ್ 12ರಂದು ಈ ಶ್ಲೋಕವನ್ನು ತಲೆಬರಹದಲ್ಲೇ ಹಾಕಿದರು. 17ರಂದು 36 ಲಕ್ಷ ಈಥರ್ (ಎಥೀರಿಯಂನ ನಾಣ್ಯ) ಕಳ್ಳನ ಪಾಲಾಯಿತು. ದೋಷ ಇಷ್ಟೇ: ಕೋಡು ಮೊದಲು ದುಡ್ಡು ಕಳಿಸಿ, ಆಮೇಲೆ ಲೆಕ್ಕದಲ್ಲಿ ಕಳೆಯುತ್ತಿತ್ತು. ಕ್ಯಾಷಿಯರ್ ನೋಟು ಕೊಟ್ಟು ಪಾಸ್‌ಬುಕ್ಕಿಗೆ ಪೆನ್ನು ಮುಟ್ಟಿಸುವಷ್ಟರಲ್ಲಿ ಗಿರಾಕಿ ಮತ್ತೆ ಚೀಟಿ ನೀಡಿದ, ಮತ್ತೆ ನೀಡಿದ. ಕಳೆಯುವ ಸಾಲನ್ನು ಕಳಿಸುವ ಸಾಲಿಗಿಂತ ಮೇಲೆ ಬರೆದಿದ್ದರೆ ಸಾಕಿತ್ತು. ಆದರೆ ಒಮ್ಮೆ ಹಾಕಿದ ಕೋಡನ್ನು ತಿದ್ದುವಂತಿಲ್ಲವಲ್ಲ, ಹಾಗಾಗಿ ಜುಲೈ 20ರಂದು ಎಥೀರಿಯಂನ ಲೆಕ್ಕದ ಸರಪಳಿಯ 19,20,000ನೇ ಕೊಂಡಿಯಲ್ಲಿ (ಬ್ಲಾಕ್) ಅದರ ನಿಯಮವನ್ನೇ ತಿದ್ದಿ ಹಣ ವಾಪಸ್ ತಂದರು. "ಕೋಡೇ ಕಾನೂನು" ಎಂದವರು ಕಾನೂನಿಗೆ ತಿದ್ದುಪಡಿ ಮಾಡಿದ್ದಾಯಿತು. ಒಪ್ಪದವರು ಎಥೀರಿಯಂ ಕ್ಲಾಸಿಕ್ ಎಂದು ಬೇರೆ ಒಲೆ ಹೂಡಿದರು.

ಇನ್ನು ಮೌನ. ಇಲ್ಲಿ ನಗುವುದು ಸ್ವಲ್ಪ ಕಷ್ಟ, ಏಕೆಂದರೆ ಕೆಲವೊಮ್ಮೆ ಬಾಯಿ ಮುಚ್ಚಿಕೊಳ್ಳುವುದೇ ಸರಿ. ಝೀಕ್ಯಾಶ್ ಎಂಬ ಕ್ರಿಪ್ಟೋದಲ್ಲಿ ಖೋಟಾ ನಾಣ್ಯ ಹುಟ್ಟಿಸಬಹುದಾದ ದೋಷ 2018ರ ಮಾರ್ಚ್‌ನಲ್ಲಿ ಒಳಗಿನವರಿಗೇ ಸಿಕ್ಕಿತು. ಅಕ್ಟೋಬರ್ 28ರ ಅಪ್‌ಗ್ರೇಡಿನಲ್ಲಿ ಸದ್ದಿಲ್ಲದೆ ಮುಚ್ಚಿದರು, ಊರಿಗೆ ಹೇಳಿದ್ದು 2019ರ ಫೆಬ್ರುವರಿಯಲ್ಲಿ. ಯಾರೂ ಖೋಟಾ ಹೊಡೆದ ಕುರುಹಿಲ್ಲ ಎಂದರು. ಮೊತ್ತವನ್ನು ಮುಚ್ಚಿಡುವುದೇ ಆ ನಾಣ್ಯದ ಹೆಮ್ಮೆ, ಕುರುಹು ಹುಡುಕುವುದು ಎಲ್ಲಿ? ಬಿಟ್‌ಕಾಯಿನ್‌ನವರು 2018ರ ಸೆಪ್ಟೆಂಬರ್ 18ರಂದು 0.16.3 ಆವೃತ್ತಿ ಬಿಟ್ಟು, "ನೋಡ್ ಕುಸಿಯುವ ದೋಷ ಸರಿಪಡಿಸಿದ್ದೇವೆ" ಎಂದು ಅರ್ಧ ನಿಜ ಹೇಳಿದರು. ಅದೇ ದೋಷದಿಂದ ಇಲ್ಲದ ಬಿಟ್‌ಕಾಯಿನ್ ಹುಟ್ಟಿಸಬಹುದಿತ್ತು ಎಂಬ ಉಳಿದರ್ಧ ಎರಡೇ ದಿನದಲ್ಲಿ ಹೊರಬಂತು.

ಈ ಮೌನದ ಅಗ್ಗದ ನಕಲು ಮಾಡುವವರನ್ನು ನೋಡಬೇಕು. ಶುಕ್ರವಾರ ರಾತ್ರಿ ತೂತು ಮುಚ್ಚಿ, ಬದಲಾವಣೆಯ ಜೊತೆ ಬರೆಯುವ ಕಮಿಟ್ ಸಂದೇಶದಲ್ಲಿ "ಕೋಡ್ ಓರಣ ಮಾಡಿದೆ" ಎಂದು ಬರೆದು ಮಲಗುತ್ತಾರೆ. ಕೋಡು ಬಯಲಲ್ಲೇ ಇರುತ್ತದೆ. ಕಳ್ಳ ಹಳೆಯ ಸಾಲು, ಹೊಸ ಸಾಲು ಪಕ್ಕಪಕ್ಕ ಇಟ್ಟು ನೋಡಿ ತೂತು ಎಲ್ಲಿತ್ತೆಂದು ತಿಳಿದುಕೊಂಡು, ಅದೇ ಕೋಡನ್ನು ನಕಲು ಹೊಡೆದುಕೊಂಡು ಇನ್ನೂ ತಿದ್ದಿಕೊಳ್ಳದ ಬೇರೆ ಪ್ರಾಜೆಕ್ಟಿಗೆ ಕನ್ನ ಹಾಕುತ್ತಾನೆ. ಗುಟ್ಟು ಡೆವಲಪರ್‌ಗೆ ಗೊತ್ತು, ಕಳ್ಳನಿಗೆ ಗೊತ್ತು, ಗೊತ್ತಿಲ್ಲದವನು ಹೂಡಿಕೆದಾರ ಒಬ್ಬನೇ.

ದಿನಾಂಕ ಕೇಳಿದರೆ "ಸೂನ್". ಹಿಂದೆ ನಮ್ಮೂರುಗಳ ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆಯುತ್ತಿದ್ದರು. ದೆವ್ವ ಬಂದು, ಓದಿ, ಮರ್ಯಾದೆಯಿಂದ ಹೋಗುತ್ತಿತ್ತಂತೆ. ಎಥೀರಿಯಂನವರು ಅದನ್ನು ಕೋಡಿನಲ್ಲೇ ಬರೆದರು. ಗಣಿಗಾರಿಕೆಯನ್ನು (ಕಂಪ್ಯೂಟರ್ ಓಡಿಸಿ ನಾಣ್ಯ ಗಳಿಸುವುದು) ದಿನೇದಿನೇ ನಿಧಾನ ಮಾಡಿ ಎಲ್ಲರನ್ನೂ ಗಣಿಗಾರಿಕೆಯೇ ಇಲ್ಲದ ಹೊಸ ವ್ಯವಸ್ಥೆಗೆ ತಳ್ಳಲೆಂದು ಒಂದು 'ಬಾಂಬ್' ಇಟ್ಟಿದ್ದರು. ಅದನ್ನು 2017ರಿಂದ 2022ರ ಜೂನ್‌ವರೆಗೆ ಆರು ಸಲ ಮುಂದೂಡಿದರು. ಸೆಪ್ಟೆಂಬರ್ 15ಕ್ಕೆ ಬದಲಾವಣೆ ನಿಜಕ್ಕೂ ಬಂತು ಅನ್ನಿ, ಮತ್ತೆ ಡೆವಲಪರ್‌ಗಳ ಸಭೆಗಳನ್ನು ಯಾರು ಬೇಕಾದರೂ ಕೇಳಬಹುದಿತ್ತು. ಅಲ್ಲಿ ಎರಡು ಗಂಟೆ ಕೂತು ಕೇಳಿದವನಿಗೆ ತಡವಾಗುವುದು ಮೊದಲೇ ಗೊತ್ತಿತ್ತು. ರೇಟು ನೋಡುವವನಿಗೆ ಎರಡು ಗಂಟೆ ಎಲ್ಲಿ?

ಟೆರಾ ಎಂಬ ಕ್ರಿಪ್ಟೋ ಪ್ರಾಜೆಕ್ಟಿನ ಸ್ಥಾಪಕನದು ಇನ್ನೂ ಚುಟುಕು. 2022ರ ಮೇ 9ರಂದು ಒಂದು ಡಾಲರಿಗೆ ಕಟ್ಟಿದ್ದ ಅವರ 'ಸ್ಥಿರ' ನಾಣ್ಯ ಆ ಡಾಲರಿನ ಕೈಬಿಟ್ಟು ಜಾರುತ್ತಿದ್ದಾಗ, ಇನ್ನಷ್ಟು ಬಂಡವಾಳ ಇಳಿಸುತ್ತಿದ್ದೇವೆ, ಗಟ್ಟಿಯಾಗಿರಿ ಹುಡುಗರೇ ಎಂದು ಟ್ವೀಟ್ ಮಾಡಿದ. ಹುಡುಗರು ಗಟ್ಟಿಯಾಗಿದ್ದರು. ಕೋಡು ಮಾತ್ರ ಜಾರುವ ನಾಣ್ಯವನ್ನು ಹಿಡಿದೆತ್ತಲು ಅದರ ಜೋಡಿ ನಾಣ್ಯ ಲೂನಾವನ್ನು ಟಂಕಿಸುತ್ತಲೇ ಹೋಗಿ, ಕೆಲವೇ ದಿನದಲ್ಲಿ ಸುಮಾರು 6.5 ಲಕ್ಷ ಕೋಟಿ ಲೂನಾ ಚಲಾವಣೆಗೆ ಬಿತ್ತು.

ಲೈಟ್‌ಕಾಯಿನ್ ಸ್ಥಾಪಕ ಚಾರ್ಲಿ ಲೀ ಈ ಸಂಕಟಕ್ಕೆ ತನ್ನದೇ ದಾರಿ ಕಂಡುಕೊಂಡ. ರೇಟಿನ ಬಗ್ಗೆ ತಾನು ಏನೇ ಬರೆದರೂ ಸ್ವಾರ್ಥ ಎನ್ನುತ್ತಾರೆಂದು ತನ್ನ ನಾಣ್ಯವನ್ನೆಲ್ಲ ಮಾರಿ, ದಾನ ಮಾಡಿ, 2017ರ ಡಿಸೆಂಬರ್‌ನಲ್ಲಿ ಹಾಗೆಂದು ಘೋಷಿಸಿದ. ರೇಟು ಆಗ ಶಿಖರದಲ್ಲಿತ್ತು. ಇಷ್ಟು ಸ್ಪಷ್ಟವಾದ ಸಂವಹನ ಹೂಡಿಕೆದಾರರಿಗೆ ಅದಕ್ಕೂ ಮೊದಲು ಸಿಕ್ಕಿರಲಿಕ್ಕಿಲ್ಲ.

ಉಳಿದ ಪ್ರಾಜೆಕ್ಟುಗಳಲ್ಲಿ ತಂಡದ ಪಾಲಿನ ಟೋಕನ್‌ಗೆ, ಅಂದರೆ ನಾಣ್ಯಕ್ಕೆ, ಬೀಗ ಇರುತ್ತದೆ: ಸಾಮಾನ್ಯವಾಗಿ ಒಂದು ವರ್ಷ ಒಂದೂ ಇಲ್ಲ, ಆಮೇಲೆ ಎರಡು ಮೂರು ವರ್ಷ ತಿಂಗಳು ತಿಂಗಳು ಕಂತು. ಪ್ರಾಜೆಕ್ಟಿನ ವೇಳಾಪಟ್ಟಿ ತೆಗೆದು ನೋಡಿ. ಮೇನ್‌ನೆಟ್ (ಅಸಲಿ ಜಾಲ) ಮೂರು ಸಲ ಮುಂದೆ ಹೋಗಿರುತ್ತದೆ, ಆಡಿಟ್ ವರದಿ "ಸೂನ್", ಮೊಬೈಲ್ ವ್ಯಾಲೆಟ್ "ಮುಂದಿನ ತ್ರೈಮಾಸಿಕ". ಆ ಬೀಗ ಮಾತ್ರ ಹೇಳಿದ ದಿನ, ಹೇಳಿದ ಸೆಕೆಂಡಿಗೆ ತೆರೆದುಕೊಳ್ಳುತ್ತದೆ. ಅದರ ಬಾಗಿಲ ಮೇಲೆ "ನಾಳೆ ಬಾ" ಎಂದು ಯಾರೂ ಬರೆದಿರುವುದಿಲ್ಲ.