ಮುತ್ತಜ್ಜ ಒಬ್ಬರೇ, ಹುಟ್ಟಿದ ವರ್ಷ ಮಾತ್ರ ಮೂರು

ಇದನ್ನು ಎಲ್ಲಾದರೂ ಕಕ್ಕದಿದ್ದರೆ ಇವತ್ತು ನನಗೆ ನಿದ್ದೆ ಬರುವುದಿಲ್ಲ. ವಿಷಯ ನನ್ನ ಮುತ್ತಜ್ಜನದು, ಅಂದರೆ ಅಪ್ಪನ ಅಜ್ಜ. ಅವರ ಮೇಲೆ ನನಗೇನೂ ಸಿಟ್ಟಿಲ್ಲ. ಪಾಪ, ಅವರು ಹೋಗಿ ಎಷ್ಟೋ ಕಾಲವಾಯಿತು. ಸಿಟ್ಟೆಲ್ಲ ಬದುಕಿರುವವರ ಮೇಲೆ. ಮನೆಯಲ್ಲಿ ಅವರ ಮಾತು ಬಂದರೆ ಸಾಕು, ಎಲ್ಲರೂ ದನಿ ತಗ್ಗಿಸುತ್ತಾರೆ. ಯಾಕೆ ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. ದನಿ ತಗ್ಗಿಸುವುದನ್ನಷ್ಟೇ ಹಿರಿಯರಿಂದ ಸರಿಯಾಗಿ ಕಲಿತಿದ್ದಾರೆ.

ನನ್ನ ಕೈಯಲ್ಲಿ ಮೂರು ಕಾಗದಗಳಿವೆ. ಶಾಲೆಯ ಹಳೆಯ ರಿಜಿಸ್ಟರಿನ ಒಂದು ಪುಟ, ಮದುವೆಯ ದಾಖಲೆ, ಸಾವಿನ ದಾಖಲೆ. ಮೂರೂ ಕಡೆ ಹುಟ್ಟಿದ ವರ್ಷ ಬೇರೆ ಬೇರೆ. ಸಾವಿನ ದಾಖಲೆಯನ್ನು ನಂಬಿದರೆ ಹಿರಿಯ ಮಗ ಹುಟ್ಟಿದಾಗ ಮುತ್ತಜ್ಜನಿಗೆ 11 ವರ್ಷ. ಮದುವೆಯ ದಾಖಲೆಯನ್ನು ನಂಬಿದರೆ ಅವರು ಸ್ವಂತ ಅಮ್ಮನಿಗಿಂತ ಬರೀ 9 ವರ್ಷ ಚಿಕ್ಕವರು. ಶಾಲೆಯ ಪುಟದಲ್ಲಿರುವ ವರ್ಷ ನಂಬುವ ಹಾಗಿದೆ. ಆದರೆ ಅಲ್ಲಿ ಅಪ್ಪನ ಹೆಸರೇ ಬೇರೆ! ಹೆಸರು ಸರಿ ಇದ್ದಲ್ಲಿ ವರ್ಷ ಕೂಡುವುದಿಲ್ಲ, ವರ್ಷ ಕೂಡಿದಲ್ಲಿ ಅಪ್ಪ ಬೇರೆ. ಇದನ್ನು ಇಟ್ಟುಕೊಂಡು ನಾನು ಏನು ಮಾಡಬೇಕು?

ಏನು ಮಾಡಬೇಕು ಅಂತ ನನಗೆ ಗೊತ್ತಿದೆ, ಅದು ಬೇರೆ ಮಾತು. ಕೂತು ಒಂದೊಂದನ್ನೇ ತೂಗಬೇಕು. ಯಾರು ಹೇಳಿದರು, ಯಾವಾಗ ಬರೆದರು, ಬರೆದವರಿಗೆ ನೇರವಾಗಿ ಗೊತ್ತಿತ್ತೇ ಅಂತ ನೋಡಬೇಕು. ಆದರೆ ನಮ್ಮ ಮನೆಯವರಿಗೆ ಅಷ್ಟು ತಾಳ್ಮೆ ಇಲ್ಲ. ಅತ್ತೆಗೆ ಮದುವೆಯ ದಾಖಲೆ ಇಷ್ಟ, ಯಾಕೆಂದರೆ ಅದರಲ್ಲಿ ಅಕ್ಷರ ಚೆನ್ನಾಗಿದೆ. ನಿಜವಾಗಲೂ ಇದೇ ಕಾರಣ ಕೊಟ್ಟರು. "ನೋಡೋ, ಎಷ್ಟು ಅಚ್ಚುಕಟ್ಟಾಗಿ ಬರೆದಿದ್ದಾರೆ, ಇಂಥವರು ಸುಳ್ಳು ಬರೀತಾರಾ?" ದೊಡ್ಡಪ್ಪನಿಗೆ ಸಾವಿನ ದಾಖಲೆಯೇ ಬೇಕು, ಅದಕ್ಕೆ ಸರ್ಕಾರದ ಮೊಹರು ಇದೆಯಂತೆ. ಮೊಹರು ಬಿದ್ದ ಮೇಲೆ 11 ವರ್ಷದ ಹುಡುಗ ಅಪ್ಪನಾದರೂ ಅವರಿಗೆ ಚಿಂತೆಯಿಲ್ಲ.

ಸಾವಿನ ದಾಖಲೆಯ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ. ಅದು ಒಂದೇ ಹಾಳೆ ಇರಬಹುದು, ಆದರೆ ಅದರ ಪ್ರತಿ ಸಾಲಿಗೂ ಒಂದೇ ಬೆಲೆ ಇರುವುದಿಲ್ಲ. ಸತ್ತ ದಿನ, ಸತ್ತ ಜಾಗ ಸಾಮಾನ್ಯವಾಗಿ ಸರಿ ಇರುತ್ತದೆ. ಹೇಳಿದವರು ಕಣ್ಣಾರೆ ನೋಡಿರುತ್ತಾರೆ, ಅಥವಾ ಸುದ್ದಿ ಬಿಸಿಯಾಗಿರುತ್ತದೆ. ಆದರೆ ಹುಟ್ಟಿದ ವರ್ಷ? ಅದನ್ನು ಹೇಳಬಲ್ಲ ವ್ಯಕ್ತಿಯೇ ಸತ್ತು ಮಲಗಿದ್ದಾನೆ! ನಮ್ಮ ಮುತ್ತಜ್ಜನ ವಿಷಯದಲ್ಲಿ ಮಾಹಿತಿ ಕೊಟ್ಟವರು ಅವರ ಅಳಿಯ. ಮಾವ ಹುಟ್ಟಿದಾಗ ಅಳಿಯ ಎಲ್ಲಿದ್ದ? ಯಾರೋ ಕೇಳಿದರು, ಇವರು ಅಂದಾಜಿನಲ್ಲಿ ಒಂದು ವಯಸ್ಸು ಹೇಳಿದರು, ಗುಮಾಸ್ತ ಬರೆದುಕೊಂಡ. ಅಪ್ಪನ ಹೆಸರೂ ಹಾಗೆಯೇ, ಕೇಳಿದ್ದನ್ನು ಹೇಳಿದ್ದು. ಆ ಅಂದಾಜಿನ ಮೇಲೆ ದೊಡ್ಡಪ್ಪ ಇವತ್ತು ಮೀಸೆ ತಿರುವುತ್ತಾರೆ.

ವಯಸ್ಸಿನ ಕಥೆ ಅಂತೂ ಕೇಳಲೇಬೇಡಿ. ಹಿಂದಿನವರಿಗೆ ತಮ್ಮ ವಯಸ್ಸು ಖಚಿತವಾಗಿ ಗೊತ್ತಿರುತ್ತಿದ್ದುದೇ ಕಡಿಮೆ. ಕೇಳಿದರೆ 30, 35, 40 ಅಂತ ಗುಂಡಾಗಿ ಹೇಳುತ್ತಿದ್ದರು. ಇದು ಎಷ್ಟು ಸಾಮಾನ್ಯ ಅಂದರೆ, ಜನಗಣತಿಯಲ್ಲಿ 0 ಮತ್ತು 5ರಲ್ಲಿ ಮುಗಿಯುವ ವಯಸ್ಸುಗಳು ಎಷ್ಟು ಜಾಸ್ತಿ ಬಂದಿವೆ ಅಂತ ಅಳೆಯಲು ವಿಪಲ್ ಸೂಚ್ಯಂಕ ಅನ್ನುವ ಅಳತೆಗೋಲೇ ಇದೆ. ಎಲ್ಲರೂ ಸರಿಯಾಗಿ ಹೇಳಿದ್ದರೆ 100 ಬರುತ್ತದೆ. ಎಲ್ಲರೂ ಗುಂಡಾಗಿಯೇ ಹೇಳಿದ್ದರೆ 500. ಜನ ಬಿಡಿ, ಕೆಲವು ಸಲ ಸರ್ಕಾರವೇ ಈ ಕೆಲಸ ಮಾಡಿದೆ. 1841ರ ಬ್ರಿಟನ್ನಿನ ಜನಗಣತಿಯಲ್ಲಿ 15 ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಇಳಿಸಿ ಬರೆಯಿರಿ ಅಂತ ಎಣಿಕೆದಾರರಿಗೆ ಹೇಳಿದ್ದರು. 29 ವರ್ಷದವನು ಪುಸ್ತಕದಲ್ಲಿ 25 ಆದ. ಅದನ್ನು ಹಿಡಿದು ಇವತ್ತು ಯಾರೋ ಮರಿಮಗ ಹುಟ್ಟಿದ ವರ್ಷ ಲೆಕ್ಕ ಹಾಕುತ್ತಾನೆ, ನಾಲ್ಕು ವರ್ಷ ತಪ್ಪಾಗಿ. ಎಷ್ಟೋ ಎಣಿಕೆದಾರರು ಈ ಮಾತನ್ನು ಕೇಳಲೂ ಇಲ್ಲ, ಸರಿಯಾದ ವಯಸ್ಸನ್ನೇ ಬರೆದರು. ಅಂದರೆ ಯಾವ ಪುಟದಲ್ಲಿ ಯಾವ ನಿಯಮ ಅಂತ ಅದನ್ನೂ ಹುಡುಕಬೇಕು.

ಎರಡು ತಾರೀಖು ಇದ್ದರೆ ಒಂದು ಸುಳ್ಳೇ ಆಗಬೇಕು ಅಂತಲೂ ಇಲ್ಲ. ಜಾರ್ಜ್ ವಾಷಿಂಗ್ಟನ್ ಹುಟ್ಟಿದಾಗಿನ ಕ್ಯಾಲೆಂಡರ್ ಪ್ರಕಾರ ತಾರೀಖು 1731ರ ಫೆಬ್ರವರಿ 11. ನಾವು ಈಗ ಹೇಳುವುದು 1732ರ ಫೆಬ್ರವರಿ 22. ಎರಡೂ ಸರಿ! ಆಗ ಇಂಗ್ಲೆಂಡಿನಲ್ಲೂ ಅದರ ವಸಾಹತುಗಳಲ್ಲೂ ಕಾನೂನಿನ ಲೆಕ್ಕದಲ್ಲಿ ಹೊಸ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. 1752ರಲ್ಲಿ ಕ್ಯಾಲೆಂಡರ್ ಬದಲಾದಾಗ ಸೆಪ್ಟೆಂಬರ್ 2ರ ಮರುದಿನವೇ 14 ಬಂತು. ಇದನ್ನು ಅತ್ತೆಗೆ ವಿವರಿಸಿದೆ. ಎಲ್ಲ ಕೇಳಿಸಿಕೊಂಡು, "ನಮ್ಮ ತಾತ ಏನು ಅಮೆರಿಕದ ಅಧ್ಯಕ್ಷರಾ?" ಅಂದರು. ಇದಕ್ಕೆ ಏನಂತ ಉತ್ತರ ಕೊಡುವುದು?

ಹೆಸರಿನ ಗೋಳು ಇನ್ನೊಂದು. ಶಾಲೆಯ ಪುಟದಲ್ಲಿ ಅಪ್ಪನ ಹೆಸರು ಬೇರೆ ಇದೆಯಲ್ಲ, ಅದಕ್ಕೆ ನಮ್ಮ ಮನೆಯಲ್ಲಿ ಸಿದ್ಧ ಉತ್ತರ ಒಂದಿದೆ: "ಗುಮಾಸ್ತ ತಪ್ಪು ಬರೆದ." ಪಾಪದ ಗುಮಾಸ್ತ! ಜಗತ್ತಿನ ಎಲ್ಲ ಕುಟುಂಬಗಳ ಎಲ್ಲ ಗುಟ್ಟುಗಳನ್ನೂ ಹೊತ್ತುಕೊಂಡು ಸತ್ತಿದ್ದಾನೆ. ಅಮೆರಿಕದಲ್ಲಿ ಇದೇ ಕಥೆಯನ್ನು ಎಲ್ಲಿಸ್ ದ್ವೀಪದ ಮೇಲೆ, ಅಂದರೆ ಹಡಗಿನಲ್ಲಿ ಬಂದ ವಲಸಿಗರನ್ನು ವಿಚಾರಿಸಿ ಒಳಗೆ ಬಿಡುತ್ತಿದ್ದ ನ್ಯೂಯಾರ್ಕಿನ ಠಾಣೆಯ ಮೇಲೆ, ಹೊರಿಸಿದ್ದಾರೆ. "ನಮ್ಮ ಅಜ್ಜ ಹಡಗಿನಿಂದ ಇಳಿದಾಗ ಅಧಿಕಾರಿ ಹೆಸರು ಬದಲಾಯಿಸಿಬಿಟ್ಟ" ಅಂತ ಲಕ್ಷಾಂತರ ಮನೆಗಳಲ್ಲಿ ಹೇಳುತ್ತಾರೆ. ಅಲ್ಲಿನ ಅಧಿಕಾರಿಗಳ ಮುಂದೆ ಇರುತ್ತಿದ್ದುದು ಹಡಗಿನವರೇ ತಂದ ಪಟ್ಟಿ. ಅದನ್ನು ಬರೆಯುತ್ತಿದ್ದುದು ಹೊರಟ ಬಂದರಿನಲ್ಲಿ. ಇವರು ಪಟ್ಟಿ ನೋಡಿ ಪ್ರಶ್ನೆ ಕೇಳಿ ಗುರುತು ಹಾಕುತ್ತಿದ್ದರು. ಹೆಸರು ಬದಲಾಯಿಸಿಕೊಂಡವರು ಬಹುಪಾಲು ಆಮೇಲೆ, ತಾವಾಗಿಯೇ ಬದಲಾಯಿಸಿಕೊಂಡರು. ಕೆಲಸಕ್ಕೋ, ನೆರೆಹೊರೆಯವರ ಬಾಯಿಗೆ ಸುಲಭವಾಗಲಿ ಅಂತಲೋ. ಆದರೆ "ಅಜ್ಜನೇ ಬದಲಾಯಿಸಿಕೊಂಡ" ಅಂದರೆ ಮುಂದೆ ಯಾಕೆ ಅಂತ ಕೇಳಬೇಕಾಗುತ್ತದೆ. ಗುಮಾಸ್ತನ ಮೇಲೆ ಹಾಕಿದರೆ ಪ್ರಶ್ನೆ ಅಲ್ಲಿಗೇ ಮುಗಿಯಿತು. ನಮ್ಮ ಮನೆಯವರಿಗೂ ಬೇಕಾಗಿರುವುದು ಅದೇ.

ಪ್ರಶ್ನೆ ಇರುವುದು ಇಷ್ಟೇ: ಮುತ್ತಜ್ಜನನ್ನು ಇನ್ನೊಬ್ಬರು ಸಾಕಿದರೇ? ಅಥವಾ ಶಾಲೆಯ ಪುಟದಲ್ಲಿರುವ ಹುಡುಗ ಬೇರೆಯೇ ಒಬ್ಬನೇ? ಒಂದೇ ಹೆಸರಿನ ಇಬ್ಬರನ್ನು ನಾವು ಒಬ್ಬರೇ ಅಂತ ಹೊಲಿದುಬಿಟ್ಟಿದ್ದೇವಾ? ಇದು ಎಷ್ಟು ಸುಲಭವಾಗಿ ಆಗುತ್ತದೆ ಗೊತ್ತಾ? ಯುರೋಪಿನ ಎಷ್ಟೋ ಮನೆಗಳಲ್ಲಿ ಮಗು ತೀರಿಕೊಂಡರೆ ಮುಂದಿನ ಮಗುವಿಗೆ ಅದೇ ಹೆಸರು ಇಡುತ್ತಿದ್ದರು. ಚಿತ್ರಕಾರ ವಿನ್ಸೆಂಟ್ ವ್ಯಾನ್ ಗಾಗ್ ಹುಟ್ಟಿದ್ದು 1853ರ ಮಾರ್ಚ್ 30ಕ್ಕೆ. ಸರಿಯಾಗಿ ಒಂದು ವರ್ಷ ಮೊದಲು, 1852ರ ಮಾರ್ಚ್ 30ಕ್ಕೆ, ಅದೇ ತಂದೆತಾಯಿಗೆ ಅದೇ ವಿನ್ಸೆಂಟ್ ಹೆಸರಿನ ಮಗು ಸತ್ತು ಹುಟ್ಟಿತ್ತು. ಹೆಸರು ಅದೇ, ಅಪ್ಪ ಅಮ್ಮ ಅವರೇ, ತಾರೀಖೂ ಅದೇ. ಅವರು ಪ್ರಸಿದ್ಧರಾಗಿರದಿದ್ದರೆ ಈ ಗಂಟನ್ನು ಯಾರು ಬಿಡಿಸುತ್ತಿದ್ದರು?

ಈಗ ನನ್ನ ನಿಜವಾದ ಸಿಟ್ಟಿಗೆ ಬರುತ್ತೇನೆ. ಇಂಟರ್ನೆಟ್ಟಿನಲ್ಲಿ ಹಾಕಿರುವ ವಂಶವೃಕ್ಷಗಳು!

ನಮ್ಮ ದೂರದ ಸಂಬಂಧಿಯೊಬ್ಬರು ಮುತ್ತಜ್ಜನನ್ನು ಅಲ್ಲಿ ಹಾಕಿದ್ದಾರೆ. ಶಾಲೆಯ ಪುಟದ ವರ್ಷ, ಸಾವಿನ ದಾಖಲೆಯ ಅಪ್ಪ, ಮೇಲೆ ಇನ್ಯಾರದ್ದೋ ಫೋಟೋ. ಎಲ್ಲಿಂದ ಸಿಕ್ಕಿತು ಅಂತ ಒಂದು ಸಾಲೂ ಇಲ್ಲ. ಕೇಳಿ ಬರೆದೆ, ಉತ್ತರ ಬಂತು: "ಬೇರೆ ವಂಶವೃಕ್ಷಗಳಲ್ಲೂ ಹೀಗೇ ಇದೆ, ನೋಡಿ." ನೋಡಿದೆ. ಹೌದು, ಹೀಗೇ ಇದೆ. ಯಾಕೆಂದರೆ ಅವರೆಲ್ಲ ಇವರಿಂದಲೇ ನಕಲು ಮಾಡಿದ್ದಾರೆ! ಅದೇ ಕಾಗುಣಿತದ ತಪ್ಪು, ಅದೇ ಫೋಟೋ, ಫೋಟೋದ ಮೂಲೆಯಲ್ಲಿ ಅದೇ ಕಲೆ. ಈಗ ಇವರು ಆ ನಕಲುಗಳನ್ನೇ ಸಾಕ್ಷಿ ಅಂತ ತೋರಿಸುತ್ತಾರೆ. ಇದು ತನ್ನ ನೆರಳನ್ನೇ ಸಾಕ್ಷಿಗೆ ಕರೆತಂದ ಹಾಗಾಯಿತು. ಹತ್ತು ಜನ ಹೇಳುತ್ತಿದ್ದಾರೆ ಅಂತ ಕೊಚ್ಚಿಕೊಳ್ಳುತ್ತಾರೆ. ಹತ್ತು ಜನ ಅಲ್ಲ ಮಾರಾಯ್ರೆ, ಒಬ್ಬರು. ಉಳಿದವರು ಒಂದು ಗುಂಡಿ ಒತ್ತಿದ್ದಾರೆ, ಅಷ್ಟೇ. 1984ರಲ್ಲಿ ಬಂದ ಗೆಡ್‌ಕಾಮ್ ಅನ್ನುವ ಫೈಲಿನ ರೂಪ ಇದಕ್ಕೆ ದಾರಿ ಮಾಡಿಕೊಟ್ಟಿತು. ಒಬ್ಬರ ವಂಶವೃಕ್ಷವನ್ನು ಇಡಿಯಾಗಿ ಇನ್ನೊಬ್ಬರ ಕಂಪ್ಯೂಟರಿಗೆ ಸಾಗಿಸಬಹುದು. ಒಳ್ಳೆಯದೇ. ಆದರೆ ಜೊತೆಗೆ ತಪ್ಪೂ ಇಡಿಯಾಗಿ ಸಾಗುತ್ತದೆ. ಮೂಲದ ವಿವರ ಬರೆಯಲು ಆ ಫೈಲಿನಲ್ಲಿ ಜಾಗ ಇದೆ, ಗೊತ್ತಾ? ಇದೆ. ಯಾರೂ ಬರೆಯುವುದಿಲ್ಲ.

ಇದು ಕಂಪ್ಯೂಟರಿನಿಂದ ಶುರುವಾದ ರೋಗವೂ ಅಲ್ಲ. ಗುಸ್ತಾವ್ ಆಂಜೌ ಅಂತ ಒಬ್ಬ ಇದ್ದ, 1863ರಿಂದ 1942. ಅಮೆರಿಕದ ಶ್ರೀಮಂತರಿಂದ ದುಡ್ಡು ತೆಗೆದುಕೊಂಡು ಅವರಿಗೆ ಬೇಕಾದ ದೊಡ್ಡ ಪೂರ್ವಜರನ್ನು ಹುಟ್ಟಿಸಿಕೊಡುತ್ತಿದ್ದ. ನಿಜವಾದ ದಾಖಲೆಗಳ ನಡುವೆ ಒಂದೆರಡು ಸುಳ್ಳು ಕೊಂಡಿ ಸೇರಿಸಿಬಿಡುತ್ತಿದ್ದ. ಅವನು ಮೋಸಗಾರ ಅಂತ ಎಲ್ಲರಿಗೂ ಗೊತ್ತಾಗಿ ಎಷ್ಟೋ ಕಾಲವಾಯಿತು. ಅವನ ಕೊಂಡಿಗಳು ಮಾತ್ರ ಇನ್ನೂ ವಂಶವೃಕ್ಷಗಳಲ್ಲಿ ಓಡಾಡುತ್ತಿವೆ. ಅವನಾದರೂ ದುಡ್ಡಿಗೆ ಮಾಡಿದ. ನಮ್ಮ ಸಂಬಂಧಿ ಪುಕ್ಕಟೆ ಮಾಡುತ್ತಿದ್ದಾರೆ.

"ಇಷ್ಟೆಲ್ಲಾ ಯಾಕೆ, ಡಿಎನ್ಎ ಟೆಸ್ಟ್ ಮಾಡಿಸಿಬಿಡು" ಅನ್ನುವ ಬುದ್ಧಿವಂತರು ಬೇರೆ. ಮಾಡಿಸಿದರೆ ಮುತ್ತಜ್ಜನ ಹೆಸರು, ವಿಳಾಸ ಎಲ್ಲ ಅಚ್ಚಾಗಿ ಬರುತ್ತದೆ ಅಂದುಕೊಂಡಿದ್ದಾರೆ. ಒಬ್ಬ ಮುತ್ತಜ್ಜನಿಂದ ನಮಗೆ ಬರುವುದು ಸರಾಸರಿ 12.5 ಶೇಕಡಾ. ಆ ಪಾಲು ಯಾರದು ಅಂತ ಹೇಳಬೇಕಾದರೆ ಆ ಕಡೆಯ ಸಂಬಂಧಿಗಳೂ ಟೆಸ್ಟ್ ಮಾಡಿಸಿರಬೇಕು. ಅದೂ ಅಲ್ಲದೆ ಅಜ್ಜ, ಅಪ್ಪನ ಸ್ವಂತ ಅಣ್ಣ, ಅಪ್ಪನಿಗೆ ಇನ್ನೊಬ್ಬ ಹೆಂಡತಿಯಲ್ಲಿ ಹುಟ್ಟಿದ ಮಗ, ಮೂವರ ಜೊತೆಗೂ ಹೊಂದಾಣಿಕೆ ಸುಮಾರು 25 ಶೇಕಡಾ ಬರುತ್ತದೆ. ಬರೀ ಆ ಸಂಖ್ಯೆ ಹಿಡಿದರೆ ಅಣ್ಣ ಯಾರು, ಅಜ್ಜ ಯಾರು ಅಂತಲೂ ಗೊತ್ತಾಗುವುದಿಲ್ಲ. ಕೊನೆಗೆ ಮತ್ತೆ ಕಾಗದದ ಹತ್ತಿರವೇ ಬರಬೇಕು. ಇಷ್ಟು ಹೇಳಿ, "ಹಾಗಾದರೆ ದೊಡ್ಡಪ್ಪ, ಮೊದಲು ನಿಮ್ಮದೇ ಮಾಡಿಸೋಣ" ಅಂದೆ. ಅವರಿಗೆ ತಕ್ಷಣ ಏನೋ ಕೆಲಸ ನೆನಪಾಯಿತು.

ಕಾಗದ ಅಂದೆ. ಇರುವ ಕಾಗದವನ್ನು ಉಳಿಸಿಕೊಳ್ಳುವ ಬುದ್ಧಿಯಾದರೂ ಜನಕ್ಕೆ ಇದೆಯಾ? 1890ರ ಅಮೆರಿಕದ ಜನಗಣತಿಯ ಹಾಳೆಗಳಿಗೆ 1921ರ ಜನವರಿಯಲ್ಲಿ ವಾಷಿಂಗ್ಟನ್ನಿನ ಒಂದು ನೆಲಮಾಳಿಗೆಯಲ್ಲಿ ಬೆಂಕಿ ತಗುಲಿತು. ಎಲ್ಲ ಸುಟ್ಟುಹೋಯಿತು ಅಂತ ಜನ ಹೇಳುತ್ತಾರೆ. ಇಲ್ಲ! ಅರ್ಧಂಬರ್ಧ ಸುಟ್ಟು, ನೀರಲ್ಲಿ ನೆನೆದು ಸಾಕಷ್ಟು ಉಳಿದಿತ್ತು. ಅದನ್ನು ವರ್ಷಗಟ್ಟಲೆ ಇಟ್ಟುಕೊಂಡಿದ್ದು, 1933ರಲ್ಲಿ ನಾಶ ಮಾಡಲು ಅಮೆರಿಕದ ಸಂಸತ್ತೇ ಒಪ್ಪಿಗೆ ಕೊಟ್ಟಿತು. ಐರ್ಲೆಂಡಿನದು ಇನ್ನೂ ಹೊಟ್ಟೆ ಉರಿಸುವ ಕಥೆ. 1922ರಲ್ಲಿ ಡಬ್ಲಿನ್‌ನ ದಾಖಲೆ ಕಚೇರಿ ಅಂತರ್ಯುದ್ಧದ ಆರಂಭದಲ್ಲೇ ಸಿಡಿದು ಸುಟ್ಟಿತು, 1821ರಿಂದ 1851ರವರೆಗಿನ ಗಣತಿಯ ಹಾಳೆಗಳು ಬಹುಪಾಲು ಅಲ್ಲೇ ಹೋದವು. ಅದು ಯುದ್ಧ, ಬಿಡಿ. ಆದರೆ 1861, 1871ರ ಹಾಳೆಗಳನ್ನು ಅದಕ್ಕೂ ಎಷ್ಟೋ ಮೊದಲು ಸರ್ಕಾರವೇ ನಾಶ ಮಾಡಿಸಿತ್ತು. 1881, 1891ರದನ್ನು ಮೊದಲ ಮಹಾಯುದ್ಧದ ಹೊತ್ತಿಗೆ ರದ್ದಿ ಮಾಡಿ ಅರೆದುಬಿಟ್ಟಿದ್ದರು. ಕಾಗದದ ಅಭಾವವಂತೆ!

ನಮ್ಮ ಮನೆಯಲ್ಲೂ ಇದೇ ನಡೆದಿದೆ. ಅಜ್ಜನ ಅಕ್ಕ ಹಳೆಯ ಪತ್ರಗಳ ಒಂದು ಕಟ್ಟನ್ನು ಒಲೆಗೆ ಹಾಕಿದರಂತೆ. "ಸತ್ತವರ ಗುಟ್ಟು ನಮಗ್ಯಾಕೆ" ಅಂದರಂತೆ. ಇದನ್ನು ಅತ್ತೆ ನನಗೆ ಹೆಮ್ಮೆಯಿಂದ ಹೇಳಿದರು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಆಮೇಲೆ ಮಾತಿನ ಮಧ್ಯೆ ಇನ್ನೊಂದು ವಿಷಯ ಹೊರಬಿತ್ತು. ಪತ್ರಗಳೆಲ್ಲ ಹೋಗಿಲ್ಲ. ಒಂದು ತಗಡಿನ ಪೆಟ್ಟಿಗೆ ಇನ್ನೂ ಅತ್ತೆಯ ಹತ್ತಿರವೇ ಇದೆ! ಇಷ್ಟು ದಿನ ನಾನು ಮೂರು ಕಾಗದ ಹಿಡಿದು ಒದ್ದಾಡುತ್ತಿದ್ದರೆ, ಇವರು ಪೆಟ್ಟಿಗೆಯ ಮೇಲೆ ಕೂತುಕೊಂಡು ನನಗೆ ಅಕ್ಷರದ ಅಂದ ವಿವರಿಸುತ್ತಿದ್ದರು.

ಕೊಡಿ ಅಂದೆ. "ಅದರಲ್ಲಿ ಏನೂ ಇಲ್ಲ ಕಣೋ" ಅಂದರು. ಏನೂ ಇಲ್ಲದಿದ್ದರೆ ಬೀಗ ಯಾಕೆ ಅತ್ತೆ?

ಕಳೆದ ವಾರ ನನ್ನ ವಂಶವೃಕ್ಷದಲ್ಲಿ ಮುತ್ತಜ್ಜನ ಹೆಸರಿನ ಮುಂದೆ "ಹುಟ್ಟಿದ ವರ್ಷ ಖಚಿತವಿಲ್ಲ, ತಂದೆ ಯಾರೆಂದು ಖಚಿತವಿಲ್ಲ" ಅಂತ ಬರೆದು, ಮೂರೂ ಕಾಗದಗಳ ವಿವರ ಕೆಳಗೆ ಹಾಕಿದೆ. ಮನೆಯಲ್ಲಿ ರಂಪವಾಯಿತು. ತಂದೆ ಖಚಿತವಿಲ್ಲ ಅಂತ ಬರೆದರೆ ಮನೆತನದ ಮರ್ಯಾದೆ ಹೋಯಿತಂತೆ. 11 ವರ್ಷಕ್ಕೆ ಅಪ್ಪನಾದರು ಅಂತ ಊರೆಲ್ಲ ಹಂಚಿದಾಗ ಹೋಗದ ಮರ್ಯಾದೆ ಇದು! ದೊಡ್ಡಪ್ಪ ಅದನ್ನು ಅಳಿಸು ಅಂದರು. ಅಳಿಸಿಲ್ಲ, ಅಳಿಸುವುದೂ ಇಲ್ಲ. ಅತ್ತೆ ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಬಿಡಲಿ. ಮಾತಾಡದೆಯೂ ಬೀಗದ ಕೈ ಕೊಟ್ಟು ಕಳಿಸಬಹುದು.