ದೇಶ ಸುತ್ತಿದವಳು, ಊರಲ್ಲೇ ನಿಂತವಳು

ವಸಾಹತು ಕಾಲ ನಮ್ಮ ತಲೆಯೊಳಗೆ ಬಿಟ್ಟುಹೋದ ಅಳತೆಗೋಲನ್ನು ಕಳಚಿಟ್ಟು ನಮ್ಮ ಹೆಣ್ಣುಮಕ್ಕಳು ಮುಂದಾಳುಗಳಾಗಿ ಬೆಳೆಯಬೇಕಾದರೆ ಅಧ್ಯಯನ ಪ್ರವಾಸ ಬೇಕೇಬೇಕೆ? ಕಾರವಾರದ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದಾಗ ವಿದ್ಯಾರ್ಥಿನಿಯರನ್ನೂ, ನಿವೃತ್ತಿಯ ನಂತರ ಪಂಚಾಯತಿ ಸದಸ್ಯೆಯರನ್ನೂ ಇಂಥ ಪ್ರವಾಸಗಳಿಗೆ ಕರೆದೊಯ್ದವಳು ನಾನು. ಪರ, ವಿರೋಧ ಎರಡೂ ನನ್ನೊಳಗೇ ಇವೆ. ಒಂದು ಇನ್ನೊಂದಕ್ಕೆ ರಾಜಿಯಾಗದಂತೆ ಎರಡನ್ನೂ ಬೇರೆಬೇರೆಯಾಗಿ ಬರೆದಿದ್ದೇನೆ.

ಪರ

ನನ್ನ ತವರು ಸಿದ್ದಾಪುರದ ಕಡೆ; ಘಟ್ಟ ಇಳಿದರೆ ಗೇರುಸೊಪ್ಪ. ಆದರೂ ಮೂವತ್ತು ತುಂಬುವವರೆಗೆ ನಾನು ಆ ಊರಿನಲ್ಲಿ ಬಸ್ಸಿನಿಂದ ಇಳಿದವಳಲ್ಲ. ಅಲ್ಲಿಂದ ಆಳಿದ ಚೆನ್ನಭೈರಾದೇವಿ ಎಂದರೆ ಪಠ್ಯದ ಒಂದೇ ಸಾಲು: ಪೋರ್ಚುಗೀಸರು ‘ರೈನ್ಹಾ ದ ಪಿಮೆಂಟಾ’, ಅಂದರೆ ಕಾಳುಮೆಣಸಿನ ರಾಣಿ ಎಂದು ಕರೆದವಳು. 1552ರಿಂದ 1606ರವರೆಗೆ, ಅರ್ಧ ಶತಮಾನಕ್ಕೂ ಮಿಕ್ಕಿ ಆಳಿದ ಹೆಂಗಸನ್ನು ನಾವು ಗುರುತಿಸುತ್ತಿದ್ದುದು ಅವಳಲ್ಲಿ ಸರಕು ಕೊಳ್ಳಲು ಬಂದವರು ಇಟ್ಟ ಹೆಸರಿನಿಂದ ಎಂಬುದು ನನಗೆ ಹೊಳೆದದ್ದು ತರಗತಿಯಲ್ಲಲ್ಲ. ಹದಿನೆಂಟು ಹುಡುಗಿಯರೊಂದಿಗೆ ಶರಾವತಿಯನ್ನು ದೋಣಿಯಲ್ಲಿ ದಾಟಿ, ಹಳೆಯ ಗೇರುಸೊಪ್ಪ ನಗರವಿದ್ದ ನಗರಬಸ್ತಿಕೇರಿಯ ಚತುರ್ಮುಖ ಬಸದಿಯ ಮುಂದೆ ನಿಂತಾಗ. ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಈ ದಾರಿಯಾಗಿ ಹಾದುಹೋಗುವಾಗಲೇ ನಗರ ಹಾಳುಬಿದ್ದು ಮರಗಿಡ ಬೆಳೆದಿತ್ತು. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು ತೆರೆದ ಆ ಕಲ್ಲುಕಟ್ಟಡದ ಒಳಗೆ ಬಾವಲಿಗಳ ವಾಸನೆ. ಹುಡುಗಿಯೊಬ್ಬಳು ನಾಲ್ಕೂ ಬಾಗಿಲಿಂದ ಹೊಕ್ಕು ಹೊರಬಂದು, ಇಷ್ಟು ದೊಡ್ಡ ಊರಿಗೆ ಮೆಣಸು ಒಂದೇ ಕಾರಣವೇ ಎಂದು ಕೇಳಿದಳು. ಇಪ್ಪತ್ತು ನಿಮಿಷದ ಪಾಠ ಹುಟ್ಟಿಸಲಾರದ ಪ್ರಶ್ನೆ ಅದು.

ಹೊರಗಿನವರ ಕಣ್ಣಿನಲ್ಲಿ ನಮ್ಮನ್ನು ನೋಡಿಕೊಳ್ಳುವುದನ್ನೇ ದಾಸ್ಯ ಎನ್ನುವವರಿದ್ದಾರೆ. ಅದು ಅರ್ಧ ಸತ್ಯ. ಹದಿನಾಲ್ಕನೆಯ ಶತಮಾನದಲ್ಲಿ ಮೊರಾಕ್ಕೊದಿಂದ ಬಂದ ಇಬ್ನ್ ಬತೂತ, ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13 ಮತ್ತು ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡೆನೆಂದೂ, ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲವೆಂದೂ ಬರೆದಿಟ್ಟ. ಹೆಣ್ಣಿಗೆ ಅಕ್ಷರ ಕೊಟ್ಟವರು ಬ್ರಿಟಿಷರೇ ಎಂದು ಕಣ್ಣುಮುಚ್ಚಿ ನಂಬಿದ್ದ ನನ್ನ ತಲೆಮಾರಿಗೆ ಆ ಎರಡು ಅಂಕಿಗಳು ಸಾಕಾಗಿದ್ದವು. ಅವನ್ನು ಬರೆದಿಟ್ಟವನು ಮಾತ್ರ ಊರಿನವನಲ್ಲ, ದಾರಿಹೋಕ. ‘ಬೇರೆಲ್ಲೂ ಕಾಣಲಿಲ್ಲ’ ಎನ್ನಬೇಕಾದರೆ ಬೇರೆಡೆ ನೋಡಿರಬೇಕು.

ಇನ್ನು ಮಡಗಾಂವಿನ ಸಂಗತಿ. ಹಳಿಯಾಳ ಕಡೆಯ ಸಿದ್ದಿ ಹುಡುಗಿಯೊಬ್ಬಳು ಮೂರು ವರ್ಷ ನಮ್ಮಲ್ಲಿ ಓದಿದಳು. ಅವಳ ಮನೆಮಾತು ಕೊಂಕಣಿ, ಆದರೆ ಕಾರವಾರದ ಕೊಂಕಣಿಯಲ್ಲ. ತರಗತಿಯಲ್ಲಿ ಬಾಯಿ ತೆರೆದರೆ ಹಿಂದಿನ ಬೆಂಚಿನಲ್ಲಿ ನಗು ಏಳುತ್ತಿತ್ತು. ಹಾಗಾಗಿ ಅವಳು ಮಾತು ಬಿಟ್ಟಿದ್ದಳು. ಗೋವೆಗೆ ಹೋದಾಗ ಮಡಗಾಂವಿನ ಸಂತೆಯಲ್ಲಿ ಮುದುಕಿಯೊಬ್ಬಳ ಹತ್ತಿರ ಅವಳು ಒಣಮೆಣಸಿನ ದರ ಕೇಳಿದಳು. ಮುದುಕಿ ನಗಲಿಲ್ಲ, ನೀನು ಯಾವ ಊರಿನವಳು ಮಗಳೇ ಎಂದಳು. ಅಂದು ಸಂಜೆಯವರೆಗೆ ಹದಿನೆಂಟು ಮಂದಿಗೂ ಚೌಕಾಶಿ ಮಾಡಿದವಳು ಅವಳೇ, ಬಸ್ಸಿನವನೊಂದಿಗೆ ಜಗಳವಾಡಿ ನಮ್ಮೆಲ್ಲರಿಗೂ ಸೀಟು ಹಿಡಿದವಳೂ ಅವಳೇ. ಆಫ್ರಿಕಾದಿಂದ ಗುಲಾಮರಾಗಿ ಹಡಗೇರಿ ಬಂದವರ ವಂಶದವಳು, ಆ ಹಡಗುಗಳು ತಂಗುತ್ತಿದ್ದ ನಾಡಿನಲ್ಲೇ ಹದಿನೇಳು ಮಂದಿಯನ್ನು ಮುನ್ನಡೆಸಿದಳು. ಮರುವರ್ಷ ಅವಳು ವಿದ್ಯಾರ್ಥಿ ಪ್ರತಿನಿಧಿಯಾದಳು. ಊರಲ್ಲೇ ಇದ್ದಿದ್ದರೆ ಆ ದನಿ ಹೊರಡುತ್ತಿತ್ತೆ? ನಾನು ಒಪ್ಪಲಾರೆ.

ವಿರೋಧ

ಕಾರವಾರದ ಕಡಲತೀರಕ್ಕೆ ಯಾರ ಹೆಸರಿದೆ ನೋಡಿ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1880ರ ದಶಕದ ಆರಂಭದಲ್ಲಿ, ಕೆಲಕಾಲ ಬಂದಿದ್ದ ತರುಣ ರವೀಂದ್ರನಾಥ ಟಾಗೋರರದು. ಕವಿಯ ಮೇಲೆ ನನಗೆ ಮುನಿಸಿಲ್ಲ. ಆದರೆ ಅದೇ ಮರಳಿನ ಮೇಲೆ ತಲೆಮಾರುಗಳಿಂದ ಮೀನು ಒಣಗಿಸಿದ, ಬುಟ್ಟಿ ಹೊತ್ತು ಬೆಳಗಿನ ಮೊದಲ ಬಸ್ಸಿನಲ್ಲಿ ಘಟ್ಟ ಹತ್ತಿ ಸಂಜೆ ಇಳಿದ ಹೆಂಗಸರ ಹೆಸರಿನಲ್ಲಿ ಒಂದು ಕಟ್ಟೆಯೂ ಇಲ್ಲ. ಅವರು ಒಂದು ವರ್ಷದಲ್ಲಿ ಸುತ್ತಿದಷ್ಟು ನಾನು ಜೀವಮಾನದಲ್ಲಿ ಸುತ್ತಿಲ್ಲ. ಅವರದು ಮಾತ್ರ ವ್ಯಾಪಾರ, ನಮ್ಮದು ಪ್ರವಾಸ. ಬಂದು ನೋಡಿ ಹೋದವನ ಕಣ್ಣು ದೊಡ್ಡದು, ಇದ್ದು ದುಡಿದವಳ ಕಣ್ಣು ಚಿಕ್ಕದು ಎನ್ನುವ ಲೆಕ್ಕವೇ ವಸಾಹತಿನದು. ಅಧ್ಯಯನ ಪ್ರವಾಸ ಅದನ್ನು ಅಳಿಸುವ ಬದಲು ಇನ್ನೊಂದು ಪ್ರತಿ ತೆಗೆಯುತ್ತದೆ. ಇಬ್ನ್ ಬತೂತನೂ ಶಾಲೆಗಳನ್ನು ಎಣಿಸಿದ. ಅಲ್ಲಿ ಕಲಿಸಿದ ಒಬ್ಬಳ ಹೆಸರನ್ನೂ ಬರೆಯಲಿಲ್ಲ.

ಈ ಜಿಲ್ಲೆಯಲ್ಲಿ ಮುಂದೆ ನಿಂತ ಹೆಂಗಸರು ಎಲ್ಲಿ ಕಲಿತರು? 1932ರ ಕರನಿರಾಕರಣೆಯಲ್ಲಿ ಸರಕಾರ ಜಪ್ತಿ ಮಾಡಿ ಹರಾಜು ಹಾಕಿದ ಸೊತ್ತನ್ನು ಕೊಂಡವರ ಮನೆಯೆದುರು ಸಿದ್ದಾಪುರ ಸೀಮೆಯ ಹೆಂಗಸರು ಉಪವಾಸ ಕೂತರು. ಮಾವಿನಗುಂಡಿಯಲ್ಲಿ ಅವರ ನೆನಪಿನ ಸ್ಮಾರಕವಿದೆ. ಕೊಂಡವನು ಯಾರು, ಅವನ ಹೆಂಡತಿ ಯಾರ ಮಗಳು, ಯಾವ ಅಂಗಳದಲ್ಲಿ ಕೂತರೆ ಅವನಿಗೆ ನಾಚಿಕೆಯಾದೀತು ಎಂಬುದನ್ನು ತಿಳಿಯಲು ಅದೇ ಊರಿನಲ್ಲಿ ಹುಟ್ಟಿ, ಬಾಳಿರಬೇಕು. ಅಂಕೋಲೆಯ ಸುಕ್ರಿ ಬೊಮ್ಮಗೌಡರು ಸಾರಾಯಿಯ ವಿರುದ್ಧ ಹೆಂಗಸರನ್ನು ಕೂಡಿಸಿದ್ದು ತಮ್ಮ ಕೇರಿಯ ಹಾಡು, ತಮ್ಮ ಕೇರಿಯ ಸಾವುಗಳ ಬಲದಿಂದ. ಹೊನ್ನಳ್ಳಿಯ ತುಳಸಿ ಗೌಡರು ಬೀಜ ಯಾವ ತಾಯಿಮರದಿಂದ, ಯಾವಾಗ ಆರಿಸಬೇಕೆಂದು ಅರಿತದ್ದು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ಬಗ್ಗಿ ದುಡಿದು. 2021ರಲ್ಲಿ ಪದ್ಮಶ್ರೀ ಪಡೆಯಲು ಅವರು ಬರಿಗಾಲಿನಲ್ಲಿ ರಾಷ್ಟ್ರಪತಿ ಭವನ ಹೊಕ್ಕಾಗ ನಾವು ಆ ಪಾದಗಳ ಚಿತ್ರವನ್ನು ಊರೆಲ್ಲ ಹಂಚಿದೆವು. ಆ ಮೆಚ್ಚುಗೆಯಲ್ಲೂ ಪ್ರವಾಸಿಯ ಕಣ್ಣು ಇತ್ತೆಂಬ ಅನುಮಾನ ನನಗಿದೆ.

ಕರ್ನಾಟಕದ ಪಂಚಾಯತಿಗಳಲ್ಲಿ ಹೆಂಗಸರಿಗೆ ಮೊದಲು 25 ಪ್ರತಿಶತ, ಈಗ ಅರ್ಧದಷ್ಟು ಸ್ಥಾನಗಳಿವೆ. ಗೆದ್ದವರಿಗೆ ನಾಯಕತ್ವ ಕಲಿಸಲೆಂದು ಸಂಸ್ಥೆಯೊಂದು ಏರ್ಪಡಿಸಿದ ನಾಲ್ಕು ದಿನದ ಪ್ರವಾಸಕ್ಕೆ ನಾನು ಮಾರ್ಗದರ್ಶಕಿಯಾಗಿ ಹೋಗಿದ್ದೆ. ದಿನವಿಡೀ ತಣ್ಣನೆಯ ಹಾಲ್, ಪರದೆಯ ಮೇಲೆ ಚಿತ್ರಗಳು, ಸಬಲೀಕರಣವೆಂಬ ಶಬ್ದ ಗಂಟೆಗೆ ಹತ್ತು ಸಲ. ಇಬ್ಬರು ಸದಸ್ಯೆಯರ ಗಂಡಂದಿರೂ ಬಂದು ಮುಂದಿನ ಸಾಲಿನಲ್ಲೇ ಕೂತಿದ್ದರು. ಕೊನೆಯ ಸಂಜೆ ಸಂಘಟಕರು ನಮ್ಮ ತಂಡದ ಹಾಲಕ್ಕಿ ಒಕ್ಕಲು ಸಮುದಾಯದ ಸದಸ್ಯೆಯನ್ನು ಕರೆದು, ನಾಳೆ ಮಣಿಸರಗಳನ್ನೆಲ್ಲ ಹಾಕಿಕೊಂಡು ಒಂದು ಹಾಡು ಹೇಳಿ, ಫೋಟೋಕ್ಕೆ ಚೆನ್ನಾಗಿರುತ್ತದೆ ಎಂದರು. ಅವಳು ಊರಲ್ಲಿ ಮಣಿಸರ ಹಾಕುತ್ತಿದ್ದವಳೇ, ಪ್ರವಾಸಕ್ಕೆಂದು ತೆಗೆದಿಟ್ಟು ಬಂದಿದ್ದಳು. ಯಾರೋ ಅಂಗಡಿಯಿಂದ ಪ್ಲಾಸ್ಟಿಕ್ ಮಣಿ ತಂದರು. ಹಾಕಿಕೊಂಡಳು, ಹಾಡಿದಳು. ನಾನು ಪಕ್ಕದಲ್ಲೇ ನಿಂತಿದ್ದೆ, ಬೇಡ ಎನ್ನಲಿಲ್ಲ. ಆ ಫೋಟೋದಲ್ಲಿ ನಾನೂ ನಗುತ್ತಿದ್ದೇನೆ.

ಮರಳುವಾಗ ರಾತ್ರಿ ಬಸ್ಸಿನಲ್ಲಿ ಅವಳು ನನ್ನ ಪಕ್ಕ ಬಂದು ಕೂತಳು. ನಮ್ಮ ವಾರ್ಡಿನ ನಳಕ್ಕೆ ಏಪ್ರಿಲಿನಿಂದ ಉಪ್ಪುನೀರು ಬರುತ್ತಿದೆ, ಇಂಥದ್ದಕ್ಕೆ ಠರಾವು ಬರೆಯುವುದು ಹೇಗೆ, ಈ ನಾಲ್ಕು ದಿನದಲ್ಲಿ ಯಾರೂ ಹೇಳಲಿಲ್ಲವಲ್ಲ ಎಂದಳು. ಮೊಬೈಲಿನ ಬೆಳಕಿನಲ್ಲಿ, ಪ್ರಮಾಣಪತ್ರದ ಬೆನ್ನಿಗೇ ಮೂರು ಸಾಲು ಬರೆದುಕೊಟ್ಟೆ. ಸಂಸ್ಥೆಗೆ ನಾನು ಸಲ್ಲಿಸಿದ ವರದಿಯಲ್ಲಿ ಆ ಪ್ರಶ್ನೆ ಇಲ್ಲ, ಹಾಡು ಇದೆ.